ಮೇಷ್ಟ್ರ ಪಾಸ್‌ಬುಕ್ಕು ಮತ್ತು ಎರಡನೆಯ ಪ್ರಶ್ನೆ

(ಮಂಡ್ಯದಿಂದ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ಸಂಸತ್ತಿನ ಪ್ರಶ್ನೋತ್ತರ ಕಲಾಪಕ್ಕೆ ನಾವು ನಾಲ್ಕು ಪುಟ ಕೊಟ್ಟದ್ದು ದಂಡ ಎಂಬುದು ಅವರ ಆಕ್ಷೇಪ. 2021ರ ಜೂನ್‌ನಲ್ಲಿ ಅವರು ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 15 ಲಕ್ಷ ಇಟ್ಟರಂತೆ. ಮೂರು ತಿಂಗಳಿಗೊಮ್ಮೆ 27,750 ರೂಪಾಯಿ ಬರುತ್ತದೆ. ಪಕ್ಕದ ಮನೆಯವರು 2023ರಲ್ಲಿ ಅದೇ ಕೌಂಟರಿನಲ್ಲಿ ಅಷ್ಟೇ ದುಡ್ಡು ಕಟ್ಟಿದರು, ಅವರಿಗೆ 30,750. "ದೆಹಲಿಯಲ್ಲಿ ಅವರು ಕೇಳ್ತಾರೆ, ಇವರು ಹೇಳ್ತಾರೆ, ನನ್ನ ಪಾಸ್‌ಬುಕ್ಕಿನಲ್ಲಿ ಮಾತ್ರ ಅದೇ 27,750. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ" ಎಂದಿದ್ದಾರೆ. "ನಮ್ಮ ಶಾಸಕರಂತೂ ಈ ವಿಷಯದಲ್ಲಿ ಬಾಯೇ ಬಿಡಲ್ಲ" ಎಂದೂ ಸೇರಿಸಿದ್ದಾರೆ.)

ಮೇಷ್ಟ್ರೇ,

ಬೈದು ಬರೆದ ಪತ್ರಗಳನ್ನೇ ನಾನು ಮೊದಲು ಒಡೆಯುವುದು. ನಿಮ್ಮದನ್ನು ಎರಡು ಸಲ ಓದಿದೆ, ಏಕೆಂದರೆ ಲೆಕ್ಕ ಬರೆದು ಬೈಯುವವರು ಅಪರೂಪ. ಮೊದಲು ಪಕ್ಕದ ಮನೆಯವರ ತಕರಾರು ಮುಗಿಸೋಣ. ಅದು ಇತ್ಯರ್ಥವಾಗದೆ ನೀವು ಮುಂದಕ್ಕೆ ಓದುವವರಲ್ಲ.

ಈ ಯೋಜನೆಯಲ್ಲಿ ದುಡ್ಡು ಕಟ್ಟಿದ ದಿನ ಯಾವ ದರವೋ ಐದು ವರ್ಷವೂ ಅದೇ ದರ. ನೀವು ಕಟ್ಟಿದಾಗ ಶೇ 7.4 ಇತ್ತು, ಅವರು ಕಟ್ಟುವ ಹೊತ್ತಿಗೆ ಶೇ 8.2 ಆಗಿತ್ತು. ಹಾಗಾಗಿ ಸರ್ಕಾರ ಮೂರು ತಿಂಗಳಿಗೊಮ್ಮೆ ಹೊಸ ದರ ಪ್ರಕಟಿಸುವಾಗ ಟಿ.ವಿ. ಮುಂದೆ ಉಸಿರು ಬಿಗಿಹಿಡಿದು ಕೂರುವ ಕಷ್ಟ ನಿಮಗೆ ಬೇಕಿರಲಿಲ್ಲ. ಏರಿದರೂ ಇಳಿದರೂ ಅದು ನಿಮ್ಮ ಖಾತೆಗೆ ತಟ್ಟುವುದಿಲ್ಲ. ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ), ಹೆಣ್ಣುಮಕ್ಕಳ ಸುಕನ್ಯಾ ಸಮೃದ್ಧಿ ಹಾಗಲ್ಲ, ಅಲ್ಲಿ ಹಳೆಯ ಖಾತೆಗೂ ಹೊಸ ದರವೇ. ಇನ್ನೊಂದು ಮಾತು ಹೇಳಿದರೆ ನಿಮಗೆ ಹೊಟ್ಟೆ ಉರಿಯಬಹುದು. ಎರಡು ವರ್ಷ ತುಂಬಿದ ಮೇಲೆ, 2023ರ ಜುಲೈನಲ್ಲಿ, ಆ ಖಾತೆ ಮುಚ್ಚಿ ಹೊಸದು ತೆರೆದಿದ್ದರೆ ಅಸಲಿನಲ್ಲಿ ಶೇ 1, ಅಂದರೆ 15,000 ಮುರಿದುಕೊಳ್ಳುತ್ತಿದ್ದರು. ಅದನ್ನು ಕೈಯಿಂದ ತುಂಬಿ ಮತ್ತೆ 15 ಲಕ್ಷವನ್ನೇ ಕಟ್ಟಿದ್ದರೆ ಬಡ್ಡಿ ವರ್ಷಕ್ಕೆ 12,000 ಹೆಚ್ಚು ಬರುತ್ತಿತ್ತು, ಉಳಿದ ಮೂರು ವರ್ಷಕ್ಕೆ 36,000. ಕಡಿತ ಕಳೆದು 21,000 ನಿಮ್ಮ ಕೈಗೆ. ಇದನ್ನು ಕೌಂಟರಿನಲ್ಲಿ ಯಾರೂ ಹೇಳಲಿಲ್ಲ, ಆಗ ನಾವೂ ಬರೆಯಲಿಲ್ಲ. ನಾಲ್ಕು ಪುಟದ ದಂಡದ ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಇನ್ನು ನಿಮ್ಮ ಆ 7.4ರ ಕಥೆ. ಅದು ಉಳಿದದ್ದೇ ಒಂದು ವಿಚಿತ್ರ. 2021ರ ಮಾರ್ಚ್ 31ರ ಸಂಜೆ ಹಣಕಾಸು ಸಚಿವಾಲಯ ಹೊಸ ದರಗಳ ಆದೇಶ ಹೊರಡಿಸಿತು. ಪಿಪಿಎಫ್ 7.1ರಿಂದ 6.4ಕ್ಕೆ, ಉಳಿತಾಯ ಖಾತೆ 4ರಿಂದ 3.5ಕ್ಕೆ, ನಿಮ್ಮ ಯೋಜನೆ 7.4ರಿಂದ 6.5ಕ್ಕೆ. ಮರುದಿನ ಬೆಳಗ್ಗೆ ಜನ ಪೇಪರಿನಲ್ಲಿ ಇದನ್ನು ಓದುತ್ತಿರುವಾಗಲೇ ಸಚಿವೆ ನಿರ್ಮಲಾ ಸೀತಾರಾಮನ್ ಟ್ವೀಟ್ ಮಾಡಿದರು: ಆದೇಶ ಕಣ್ತಪ್ಪಿನಿಂದ ಹೊರಟದ್ದು, ವಾಪಸ್ ಪಡೆಯುತ್ತೇವೆ, ಹಳೆಯ ದರಗಳೇ ಮುಂದುವರಿಯುತ್ತವೆ. ಅವರು ರಾಜ್ಯಸಭೆಗೆ ಹೋಗಿರುವುದು ನಮ್ಮ ಕರ್ನಾಟಕದಿಂದಲೇ. ಆ ಆದೇಶ ನಿಂತಿದ್ದರೆ ಜೂನ್‌ನಲ್ಲಿ ನೀವು ಕಟ್ಟಿದ ದುಡ್ಡಿಗೆ 27,750ರ ಬದಲು 24,375 ಬರುತ್ತಿತ್ತು.

ಆ ದಿನ ಸಂಸತ್ತು ನಡೆಯುತ್ತಿರಲಿಲ್ಲ. ಬಜೆಟ್ ಅಧಿವೇಶನ ಮಾರ್ಚ್ 25ಕ್ಕೇ ಮುಗಿದಿತ್ತು. ನಡೆಯುತ್ತಿದ್ದದ್ದು ಪಶ್ಚಿಮ ಬಂಗಾಳ, ಅಸ್ಸಾಂಗಳ ಚುನಾವಣೆ. ಏಪ್ರಿಲ್ 1 ಅಲ್ಲಿ ಎರಡನೇ ಹಂತದ ಮತದಾನದ ದಿನ. ನಿಮ್ಮ ಬಡ್ಡಿ ಉಳಿಸಿದ್ದು ಯಾವ ಸಂಸದರ ಪ್ರಶ್ನೆಯೂ ಅಲ್ಲ, ಮತಯಂತ್ರ ಎಂದು ನೀವು ವಾದಿಸಿದರೆ ನನ್ನ ಹತ್ತಿರ ಗಟ್ಟಿ ಉತ್ತರವಿಲ್ಲ. ಆದರೆ ಚುನಾವಣೆ ಐದು ವರ್ಷಕ್ಕೊಂದು ಸಲ, ಬಡ್ಡಿ ಆದೇಶ ಮೂರು ತಿಂಗಳಿಗೊಂದು ಸಲ. ನಡುವೆ ಕೇಳುವವರು ಯಾರು?

2016ರ ಏಪ್ರಿಲ್‌ವರೆಗೆ ಈ ದರಗಳು ವರ್ಷಕ್ಕೊಮ್ಮೆ ಬದಲಾಗುತ್ತಿದ್ದವು, ಆಮೇಲೆ ತ್ರೈಮಾಸಿಕವಾದವು. ಬಜೆಟ್ಟಿನ ಹಾಗೆ ಇದು ಸದನದ ಮುಂದೆ ಮತಕ್ಕೆ ಬರುವುದಿಲ್ಲ, ಸಚಿವಾಲಯದ ಒಂದು ಪತ್ರ ಅಷ್ಟೆ. ಹಿಂದೆ ಒಂದು ಸೂತ್ರವಿದೆ. ಸರ್ಕಾರಿ ಸಾಲಪತ್ರಗಳ ಇಳುವರಿ (ಅವುಗಳಲ್ಲಿ ದುಡ್ಡು ಹಾಕಿದವರಿಗೆ ಸಿಗುವ ಶೇಕಡಾವಾರು ಆದಾಯ) ನೋಡಿ, ಅದರ ಮೇಲೆ ಒಂದಿಷ್ಟು ಸೇರಿಸುವುದು: ನಿಮ್ಮ ಯೋಜನೆಗೆ ಶೇ 1, ಪಿಪಿಎಫ್‌ಗೆ ಶೇ 0.25. ಇಳುವರಿ ಅಂದ ಕೂಡಲೇ ಮಂಡ್ಯದವರಿಗೆ ಕಬ್ಬು ನೆನಪಾಗುತ್ತದೆ, ನೆನಪಾಗಲಿ. ಕಾರ್ಖಾನೆ ತೋರಿಸಿದ ಇಳುವರಿಯ ಮೇಲೆ ತಾನೇ ಟನ್ನಿನ ದರ? ರೈತ ಆ ಅಂಕಿಯನ್ನು ಸುಮ್ಮನೆ ನಂಬುವುದಿಲ್ಲ, ಲೆಕ್ಕ ತೋರಿಸು ಅಂತಾನೆ. ಠೇವಣಿದಾರ ಕೇಳುವುದಿಲ್ಲ. ಸೂತ್ರ ಹೇಳುವುದು ಒಂದು, ಆದೇಶ ಬರುವುದು ಇನ್ನೊಂದು ಎಂಬುದು ಹೊಸದೇನೂ ಅಲ್ಲ. 2020ರ ಏಪ್ರಿಲ್‌ನಿಂದ ಪಿಪಿಎಫ್ 7.1ರಲ್ಲೇ ಕೂತಿತು. ಸಾಲಪತ್ರಗಳ ಇಳುವರಿ ಶೇ 6ರ ಆಸುಪಾಸಿಗೆ ಇಳಿದಾಗಲೂ ಅಷ್ಟೇ, 2022ರಲ್ಲಿ 7 ದಾಟಿದಾಗಲೂ ಅಷ್ಟೇ. ಮೊದಲನೆಯದು ನಮಗೆ ಲಾಭ, ಎರಡನೆಯದು ನಷ್ಟ. ಎರಡಕ್ಕೂ ಕಾರಣ ಕೊಡಬೇಕಾದವರು ಒಬ್ಬರೇ.

ಪ್ರಶ್ನೆ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ ಬರುತ್ತದೆ ಎಂಬ ನಿಮ್ಮ ಮಾತು ನಿಜ. ಲೋಕಸಭೆಯಲ್ಲಿ ದಿನಕ್ಕೆ 230 ಚುಕ್ಕೆರಹಿತ ಪ್ರಶ್ನೆಗಳಿಗೆ ಲಿಖಿತ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಚುಕ್ಕೆ ಗುರುತಿನವು 20. ಇವುಗಳಿಗೆ ಮಾತ್ರ ಸಚಿವರು ಎದ್ದುನಿಂತು ಉತ್ತರಿಸಬೇಕು, ಆಗ ಉಪಪ್ರಶ್ನೆ ಹಾಕಬಹುದು. ಗಂಟೆ ಹನ್ನೆರಡು ಹೊಡೆಯುವುದರೊಳಗೆ ಆ 20ರಲ್ಲಿ ನಾಲ್ಕೈದಕ್ಕೆ ಸರದಿ ಬಂದರೆ ಪುಣ್ಯ. ನನ್ನ ಮಟ್ಟಿಗೆ ಇಡೀ ವ್ಯವಹಾರದ ಜೀವ ಇರುವುದು ಆ ಉಪಪ್ರಶ್ನೆಯಲ್ಲಿ. ಮೊದಲ ಪ್ರಶ್ನೆಯನ್ನು ಯಾರು ಬೇಕಾದರೂ ಬರೆದುಕೊಡಬಹುದು. ಎರಡನೆಯದಕ್ಕೆ ಕಡತ ಓದಿರಬೇಕು.

ಓದಿದ್ದ ಒಬ್ಬರ ಹೆಸರು ಹೇಳುತ್ತೇನೆ: ಫಿರೋಜ್ ಗಾಂಧಿ. ಇಂದಿರಾ ಅವರ ಗಂಡ ಎಂದಷ್ಟೇ ಬಹಳ ಜನಕ್ಕೆ ಗೊತ್ತು. 1956ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಖಾಸಗಿ ಜೀವ ವಿಮಾ ಕಂಪನಿಗಳನ್ನೆಲ್ಲ ಸೇರಿಸಿ ಎಲ್‌ಐಸಿ ಕಟ್ಟಿತು. ವರ್ಷ ತುಂಬುವ ಮೊದಲೇ, 1957ರ ಜೂನ್‌ನಲ್ಲಿ, ಕಲ್ಕತ್ತದ ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳನ್ನು ಎಲ್‌ಐಸಿ ಸುಮಾರು ಒಂದೂಕಾಲು ಕೋಟಿ ಕೊಟ್ಟು ಕೊಂಡಿತು. ಹೂಡಿಕೆ ನೋಡಿಕೊಳ್ಳಬೇಕಿದ್ದ ನಿಗಮದ ಸಮಿತಿಯನ್ನೇ ಕೇಳಿರಲಿಲ್ಲ. ಆ ದುಡ್ಡು ಪಾಲಿಸಿ ಮಾಡಿಸಿದ ಗುಮಾಸ್ತರದ್ದು, ನಿಮ್ಮಂಥ ಮೇಷ್ಟ್ರುಗಳದ್ದು. ಸದನದಲ್ಲಿ ಮೊದಲು ಬಂದ ಉತ್ತರ ಜಾರಿಕೆಯದೇ. ಫಿರೋಜ್ ಅಷ್ಟಕ್ಕೆ ಬಿಡಲಿಲ್ಲ. 1957ರ ಡಿಸೆಂಬರ್ 16ರಂದು ಅವರು ಕಾಂಗ್ರೆಸ್ ಬೆಂಚಿನಿಂದಲೇ ಎದ್ದು, ಸ್ವಂತ ಮಾವ ಪ್ರಧಾನಿಯಾಗಿದ್ದ ಸರ್ಕಾರದ ಮುಂದೆ ಆ ಖರೀದಿಯನ್ನು ಬಿಡಿಸಿಟ್ಟರು. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣೆ ನಡೆಯಿತು, ಅದೂ ಸಾರ್ವಜನಿಕರ ಎದುರಿಗೆ. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆಳುವ ಪಕ್ಷದವರು ಕೇಳಿದ್ದರಿಂದ ಪ್ರಶ್ನೆಯ ತೂಕ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಇವತ್ತು ಆ ಸಾಲಿನಿಂದ ಎದ್ದವರ ಮೊದಲ ವಾಕ್ಯವೇ ಸಚಿವರಿಗೆ ಅಭಿನಂದನೆಯಾಗಿರುತ್ತದೆ. ಯಾವ ಪಕ್ಷದ ಸರ್ಕಾರವೇ ಇರಲಿ.

ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಪಿಪಿಎಫ್‌ಗೆಂದೇ 1968ರ ಕಾಯ್ದೆ ಇತ್ತು, ಉಳಿತಾಯ ಪತ್ರಗಳಿಗೆ 1959ರದು. 2018ರ ಹಣಕಾಸು ಮಸೂದೆಯೊಳಗೆ ಈ ಎರಡನ್ನೂ ರದ್ದುಮಾಡಿ, 1873ರ ಹಳೆಯ ಉಳಿತಾಯ ಬ್ಯಾಂಕ್ ಕಾಯ್ದೆಗೆ ಸೇರಿಸಿ ಹೊಸ ಹೆಸರಿಟ್ಟರು. ಹೊಸದರಲ್ಲಿ ಒಳ್ಳೆಯ ಅಂಶಗಳೂ ಇವೆ ಅನ್ನಿ. ಆದರೆ ಆ ಮಸೂದೆ ಲೋಕಸಭೆಯಲ್ಲಿ ಪಾಸಾದದ್ದು ಮಾರ್ಚ್ 14ರಂದು, ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ. ಎಲ್ಲ ಇಲಾಖೆಗಳ ಖರ್ಚಿನ ಬೇಡಿಕೆಗಳನ್ನೂ ಒಟ್ಟಿಗೆ ಮತಕ್ಕೆ ಹಾಕಿ ಅರ್ಧ ಗಂಟೆಯಲ್ಲಿ ಮುಗಿಸಿದರು. ಕೂಗುತ್ತಿದ್ದವರೂ ಕೇಳಲಿಲ್ಲ, ಕೂತಿದ್ದವರೂ ಕೇಳಲಿಲ್ಲ. ನಿಮ್ಮ ಪಾಸ್‌ಬುಕ್ಕಿಗೆ ಆಧಾರವಾದ ಕಾನೂನು ಬದಲಾದದ್ದು ಹೀಗೆ. ನಾಲ್ಕು ಪುಟ ಹೆಚ್ಚಾಯಿತೇ ಹೇಳಿ.

ಶಾಸಕರನ್ನು ಮಾತ್ರ ಬಿಟ್ಟುಬಿಡಿ, ಪಾಪ. ದರ ಕೇಂದ್ರದ್ದು. ಮುಂಚೆ ರಾಜ್ಯದಲ್ಲಿ ಕೂಡಿದ ಸಣ್ಣ ಉಳಿತಾಯದ ಬಹುಪಾಲು ಸಾಲವಾಗಿ ರಾಜ್ಯಕ್ಕೇ ಬರುತ್ತಿತ್ತು, 14ನೇ ಹಣಕಾಸು ಆಯೋಗದ ಶಿಫಾರಸಿನ ನಂತರ ಕರ್ನಾಟಕ ಅದರಿಂದಲೂ ಹೊರಗೆ ಬಂತು. 1881ರಲ್ಲಿ ದಿವಾನ್ ರಂಗಾಚಾರ್ಲು 144 ಜನರ ಪ್ರಜಾಪ್ರತಿನಿಧಿ ಸಭೆ ಕರೆದಾಗ ಬಂದ ರೈತರಿಗೂ ವರ್ತಕರಿಗೂ ಮತ ಹಾಕುವ ಹಕ್ಕಿರಲಿಲ್ಲ. ಸಂಸ್ಥಾನದ ಲೆಕ್ಕ ಕೇಳಿ, ತಮ್ಮ ಕಷ್ಟ ಹೇಳಿಕೊಂಡು ಹೋಗುತ್ತಿದ್ದರು. ಮೈಸೂರಿನ ಪುರಭವನ ರಂಗಾಚಾರ್ಲು ಅವರ ಹೆಸರಿನದು, ನಮ್ಮ ಕಚೇರಿಯಿಂದ ಕೂಗಳತೆ. ಬಡ್ಡಿ ದರದ ವಿಷಯದಲ್ಲಿ ನಮ್ಮ ಸಂಸದರ ಸ್ಥಿತಿ ಅದಕ್ಕಿಂತ ಬಹಳ ಮುಂದೇನೂ ಹೋಗಿಲ್ಲ ಎಂದು ಆ ಕಟ್ಟಡದ ಮುಂದೆ ಹಾದುಹೋಗುವಾಗ ಅನ್ನಿಸುತ್ತದೆ.

ಅದಕ್ಕೇ ಒಂದು ಕೋರಿಕೆ. ನಿಮ್ಮ ಎರಡು ಹಾಳೆಯಲ್ಲಿ ಒಂದೂವರೆ ಹಾಳೆ ಬೈಗುಳ ತೆಗೆದು, ಉಳಿದದ್ದನ್ನು ನಿಮ್ಮ ಸಂಸದರಿಗೆ ಕಳಿಸಿ. ಅಧಿವೇಶನಕ್ಕೆ ತಿಂಗಳಿರುವಾಗಲೇ ಕಳಿಸಿ, ಪ್ರಶ್ನೆಗೆ 15 ದಿನದ ನೋಟಿಸು ಬೇಕು. ಎರಡೇ ವಿಷಯ ಬರೆಯಿರಿ: ಪ್ರತಿ ತ್ರೈಮಾಸಿಕದಲ್ಲಿ ಸೂತ್ರದ ಪ್ರಕಾರ ಬಂದ ದರ ಎಷ್ಟು, ಆದೇಶದಲ್ಲಿ ಕೊಟ್ಟದ್ದು ಎಷ್ಟು, ಅಕ್ಕಪಕ್ಕ ಪಟ್ಟಿ ಕೊಡಿ ಎಂದು, ದರ ಏರಿದಾಗ ಹಳೆಯ ಠೇವಣಿದಾರರು ಅಸಲು ಮುರಿಸಿಕೊಳ್ಳದೆ ಹೊಸ ದರಕ್ಕೆ ಬರಲು ಅವಕಾಶ ಯಾಕಿಲ್ಲ ಎಂದು. ಸಚಿವರು "ಪರಿಶೀಲಿಸಲಾಗುವುದು" ಎಂದರೂ ನಷ್ಟವಿಲ್ಲ. ಸಚಿವರು ಸದನದಲ್ಲಿ ಕೊಟ್ಟ ಮಾತು ಈಡೇರಿತೇ ಎಂದು ನೋಡುವ ಭರವಸೆಗಳ ಸಮಿತಿಯ ಪಟ್ಟಿಗೆ ಅದು ಹೋದರೆ ಮೂರು ತಿಂಗಳಲ್ಲಿ ಈಡೇರಿಸಬೇಕು, ಇಲ್ಲವೇ ಹೆಚ್ಚಿನ ಕಾಲಾವಕಾಶ ಕೇಳಬೇಕು.

ಕೊನೆಗೊಂದು, ಇದು ತುರ್ತಿನದು. ನಿಮ್ಮ ಖಾತೆಯ ಐದು ವರ್ಷ 2026ರ ಜೂನ್‌ಗೆ ತುಂಬುತ್ತದೆ. ತುಂಬಿದ ಮೇಲೆ ಹಾಗೇ ಬಿಟ್ಟರೆ ಉಳಿತಾಯ ಖಾತೆಯ ಶೇ 4ರ ಬಡ್ಡಿ ಮಾತ್ರ. ಮುಂದುವರಿಸುವುದಿದ್ದರೆ ವರ್ಷದೊಳಗೆ ಅರ್ಜಿ ಕೊಡಬೇಕು, ಆಗ ಮತ್ತೆ ಮೂರು ವರ್ಷ, ಅವಧಿ ತುಂಬಿದ ದಿನದ ದರದಲ್ಲಿ. ಅರ್ಜಿಯ ಫಾರಂ ಕೌಂಟರಿನಲ್ಲಿ ಸಿಗುತ್ತದೆ. ಪಕ್ಕದ ಮನೆಯವರಿಗೂ ಹೇಳಿಡಿ, ಅವರದು 2028ಕ್ಕೆ.

— ಸಂ.