ಟೇಲರ್ ಗೆದ್ದದ್ದು 16 ಸಲವೋ, 14 ಸಲವೋ?

ಹಾಸನದ ಓದುಗರೊಬ್ಬರ ಪತ್ರ: "ಫಿಲ್ ಟೇಲರ್ 16 ಸಲ ಡಾರ್ಟ್ಸ್ ವಿಶ್ವ ಚಾಂಪಿಯನ್ ಅಂತ ಒಂದು ಕಡೆ ಓದಿದೆ. ಇನ್ನೊಂದು ಕಡೆ 14 ಅಂತಿದೆ. ಯಾವುದು ಸರಿ?"

ಎರಡೂ ಸರಿ. ಡಾರ್ಟ್ಸ್ ಅಂದರೆ ಗುಂಡು ಹಲಗೆಗೆ ಪುಟ್ಟ ಬಾಣ ಎಸೆಯುವ ಆಟ. ಈಗ ಲ್ಯೂಕ್ ಲಿಟ್ಲರ್ ಆಡುತ್ತಾರಲ್ಲ, ಆ ಪಿಡಿಸಿ (ಪ್ರೊಫೆಷನಲ್ ಡಾರ್ಟ್ಸ್ ಕಾರ್ಪೊರೇಷನ್) ಟೂರ್ನಿಯಲ್ಲಿ ಟೇಲರ್ ಗೆದ್ದದ್ದು 14 ಸಲ. ಉಳಿದೆರಡು, ಅಂದರೆ 1990 ಮತ್ತು 1992ರವು, ಬಿಡಿಒ (ಬ್ರಿಟಿಷ್ ಡಾರ್ಟ್ಸ್ ಆರ್ಗನೈಸೇಷನ್) ಸಂಸ್ಥೆಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬಂದವು. ಆ ಟೂರ್ನಿ ಈಗ ಇಲ್ಲ. ಗೊಂದಲ ಅದರಿಂದಲೇ.

ಆ ಬಿಡಿಒ ಟೂರ್ನಿ ಶುರುವಾದದ್ದು 1978ರಲ್ಲಿ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಮರುವರ್ಷ ಸ್ಟೋಕ್‌ಗೆ ಹೋಯಿತು, 1986ರಿಂದ ಸರ್ರೆಯ ಲೇಕ್‌ಸೈಡ್ ಕ್ಲಬ್ಬಿನಲ್ಲಿ ನೆಲೆ ನಿಂತಿತು. ದುಡ್ಡು ಎಂಬೆಸಿ ಸಿಗರೇಟಿನದು, ಕ್ಯಾಮೆರಾ ಬಿಬಿಸಿಯದು.

1983ರ ಫೈನಲ್ ಒಂದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಡಾರ್ಟ್ಸ್‌ನ ಒಂದು ಸುತ್ತು, ಅಂದರೆ ಲೆಗ್‌ನಲ್ಲಿ, 501 ಅಂಕದಿಂದ ಕಳೆಯುತ್ತಾ ಮೊದಲು ಸೊನ್ನೆಗೆ ಬಂದವರು ಗೆದ್ದಂತೆ; ಸರದಿಗೆ ಮೂರು ಡಾರ್ಟ್. ಕೊನೆಯ ಲೆಗ್‌ನಲ್ಲಿ ಎರಿಕ್ ಬ್ರಿಸ್ಟೋಗೆ ಇನ್ನು 50 ಬೇಕಿತ್ತು, ಕೈಯಲ್ಲಿ ಒಂದು ಡಾರ್ಟ್ ಇತ್ತು. ಹಲಗೆಯ ನಡುವಿನ 50 ಅಂಕದ ಬುಲ್‌ಗೆ ಗುರಿಯಿಡಬಹುದಿತ್ತು. ಇಡಲಿಲ್ಲ. ಎದುರಿಗಿದ್ದ ಕೀತ್ ಡೆಲರ್ ಅರ್ಹತಾ ಸುತ್ತಿನಿಂದ ಬಂದ 23ರ ಹುಡುಗ. ಅವನಿಗೆ ಇನ್ನೂ 138 ಬೇಕು. ಎಲ್ಲಿ ಹೊಡೀತಾನೆ ಅಂತ ಬ್ರಿಸ್ಟೋ ಮುಂದಿನ ಸರದಿಗೆ ಸುಮ್ನೆ 32 ಉಳಿಸಿಕೊಂಡರು. ಡೆಲರ್ ಟ್ರಿಬಲ್ 20 (ಅಂದರೆ 60), ಟ್ರಿಬಲ್ 18 (54), ಡಬಲ್ 12 (24) ಹೊಡೆದು ಕಪ್ ಎತ್ತಿದ!

ಆದರೆ ದಶಕ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ಚಾನೆಲ್‌ಗಳು ಡಾರ್ಟ್ಸ್ ಕೈಬಿಟ್ಟವು. 1989ಕ್ಕೆ ಟಿವಿಯಲ್ಲಿ ಉಳಿದದ್ದು ಇದೊಂದೇ. ಟಿವಿ ಹೋದರೆ ಆಟಗಾರರ ಹೊಟ್ಟೆಪಾಡೂ ಹೋದಂತೆ ಅಲ್ವಾ? 16 ಮಂದಿ ಸೇರಿ ತಮ್ಮದೇ ಸಂಸ್ಥೆ ಕಟ್ಟಿದರು, 1993ರಲ್ಲಿ ಹೊರನಡೆದರು. ಅದೇ ಮುಂದೆ ಪಿಡಿಸಿ ಆಯಿತು. ಬಿಡಿಒ ಅವರ ಮೇಲೆ ನಿಷೇಧ ಹೇರಿತು. ಜಗಳ ಕೋರ್ಟಿಗೆ ಹೋಗಿ 1997ರಲ್ಲಿ ರಾಜಿಯಾಯಿತು.

ಲೇಕ್‌ಸೈಡ್‌ನ ಟೂರ್ನಿ ಅಂದೇ ಸತ್ತಿತು ಅನ್ನುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. 2001ರಲ್ಲಿ ಮಹಿಳೆಯರ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು ಅಲ್ಲೇ. ಟ್ರಿನಾ ಗಲಿವರ್ ಅದನ್ನು 10 ಸಲ ಗೆದ್ದರು. ತೊಂದರೆ ಇದ್ದದ್ದು ಬೇರೆ ಕಡೆ. ಇಲ್ಲಿ ಹೆಸರು ಮಾಡಿದವರು ಜಾಸ್ತಿ ದುಡ್ಡಿರುವ ಪಿಡಿಸಿ ಕಡೆಗೆ ಹೋಗುತ್ತಿದ್ದರು. ನೆದರ್‌ಲ್ಯಾಂಡ್ಸ್‌ನ ರೇಮಂಡ್ ವಾನ್ ಬಾರ್ನೆವೆಲ್ಡ್ ಇಲ್ಲಿ 4 ಸಲ ಗೆದ್ದು 2006ರಲ್ಲಿ ಹೊರಟರು. ಮರುವರ್ಷವೇ ಟೇಲರ್‌ರನ್ನು ಸೋಲಿಸಿ ಅಲ್ಲೂ ಚಾಂಪಿಯನ್ ಆದರು.

2016ರ ನಂತರ ಬಿಬಿಸಿಯೂ ಇಲ್ಲ. 2020ರ ಟೂರ್ನಿಯನ್ನು ಲಂಡನ್ನಿಗೆ ಒಯ್ದರು. ಪ್ರಾಯೋಜಕರು ಸಿಗಲಿಲ್ಲ, ಟಿಕೆಟ್ ಓಡಲಿಲ್ಲ. ಹಿಂದಿನ ವರ್ಷ ಚಾಂಪಿಯನ್‌ಗೆ 1,00,000 ಪೌಂಡ್ ಸಿಕ್ಕಿತ್ತು. ಈ ಸಲ 57ರ ವೇಯ್ನ್ ವಾರನ್ ಕೈಗೆ ಬಂದದ್ದು 23,000. ಅದೇ ವರ್ಷ ಬಿಡಿಒ ದಿವಾಳಿಯಾಯಿತು.

2022ರಿಂದ ಲೇಕ್‌ಸೈಡ್‌ನಲ್ಲಿ ಡಬ್ಲ್ಯುಡಿಎಫ್ (ವಿಶ್ವ ಡಾರ್ಟ್ಸ್ ಫೆಡರೇಷನ್) ತನ್ನದೇ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತಿದೆ. ಅದು ಬೇರೆ ಟೂರ್ನಿ. ಇನ್ನು ಟೇಲರ್ ಲೆಕ್ಕ: 1990, 1992ರಲ್ಲಿ ಆಟಗಾರರೆಲ್ಲ ಇನ್ನೂ ಒಂದೇ ಕಡೆ ಇದ್ದರು. ಆ ಎರಡನ್ನು ಬಿಡಲು ನಮಗೆ ಕಾರಣ ಕಾಣುವುದಿಲ್ಲ. ನಾವು 16 ಅಂತಲೇ ಬರೆಯುತ್ತೇವೆ.

– ಸಂ.