ಪದ ಕೇಳಿ: ಯಕೃತ್ತಿನೊಳಗೆ ಅಂಜೂರ ಹೊಕ್ಕದ್ದು ಹೇಗೆ?

ಪ್ರಶ್ನೆ: ಇಟಾಲಿಯನ್ ಕಲಿಯುತ್ತಿದ್ದೇನೆ. ಲಿವರ್‌ಗೆ ಅಲ್ಲಿ ‘ಫೇಗತೊ’ ಎನ್ನುತ್ತಾರೆ. ಸ್ಪ್ಯಾನಿಷ್‌ನಲ್ಲಿ ‘ಈಗದೊ’, ಫ್ರೆಂಚ್‌ನಲ್ಲಿ ‘ಫ್ವಾ’. ಮೂರಕ್ಕೂ ಮೂಲ ಲ್ಯಾಟಿನ್ನಿನ ಅಂಜೂರ ಎಂದರು ನಮ್ಮ ಮೇಷ್ಟ್ರು. ನಿಜವೋ, ತಮಾಷೆಯೋ?

ಉತ್ತರ: ನಿಜ. ಆದರೆ ನಂಬಲು ನಿಮ್ಮಂತೆ ನನಗೂ ಸ್ವಲ್ಪ ದಿನ ಹಿಡಿಯಿತು.

ಲ್ಯಾಟಿನ್‌ನಲ್ಲಿ ಯಕೃತ್ತಿಗಿದ್ದ ಹಳೆಯ ಪದ ‘ಯೆಕುರ್’. ಅಂಜೂರಕ್ಕೆ ‘ಫೀಕುಸ್’. ಆಲ, ಅರಳಿ, ಅತ್ತಿಗಳ ಸಸ್ಯಶಾಸ್ತ್ರದ ಹೆಸರಿನ ಮುಂದೆ ಕೂರುವ ಫೈಕಸ್ ಇದೇ. ರೋಮಿನ ಉಳ್ಳವರಿಗೆ ಹಕ್ಕಿಗಳಿಗೂ ಹಂದಿಗಳಿಗೂ ಅಂಜೂರ ತುರುಕಿ ಅವುಗಳ ಯಕೃತ್ತನ್ನು ಊದಿಸಿ ತಿನ್ನುವ ಚಟವಿತ್ತು. ಕ್ರಿಸ್ತಪೂರ್ವ 8ರಲ್ಲಿ ತೀರಿಕೊಂಡ ಕವಿ ಹೊರೇಸ್ ಒಂದು ಔತಣವನ್ನು ಗೇಲಿ ಮಾಡುವಾಗ, ಕೊಬ್ಬಿದ ಅಂಜೂರ ತಿಂದ ಬಿಳಿ ಬಾತಿನ ಯಕೃತ್ತನ್ನೂ ಬಡಿಸುತ್ತಾನೆ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ಪ್ಲಿನಿ ಇನ್ನೂ ಬಿಡಿಸಿ ಹೇಳುತ್ತಾನೆ: ಹೆಣ್ಣುಹಂದಿಗಳಿಗೆ ಒಣ ಅಂಜೂರ ತಿನ್ನಿಸಿ ಕೊಬ್ಬಿಸುವುದು, ಆಮೇಲೆ ಜೇನು ಬೆರೆಸಿದ ದ್ರಾಕ್ಷಾರಸ ಕುಡಿಸಿ ತಟ್ಟನೆ ಕೊಲ್ಲುವುದು. ಈ ಉಪಾಯವನ್ನು ಅವನು ಅಪೀಸಿಯಸ್ ಎಂಬ ಭೋಜನಪ್ರಿಯನ ತಲೆಗೆ ಕಟ್ಟುತ್ತಾನೆ. ಓದುತ್ತಿದ್ದರೆ ಹೊಟ್ಟೆ ತೊಳಸುತ್ತದೆ, ಇರಲಿ.

ಹೀಗೆ ತಯಾರಾದದ್ದು ‘ಯೆಕುರ್ ಫಿಕಾತುಮ್’, ಎಂದರೆ ಅಂಜೂರ ಉಣ್ಣಿಸಿದ ಯಕೃತ್ತು. ಅದಕ್ಕೆ ಮಾದರಿ ಗ್ರೀಕರ ‘ಹೇಪಾರ್ ಸಿಕೋಟೋನ್’. ಅಲ್ಲಿ ‘ಸೀಕೋನ್’ ಅಂದರೆ ಅಂಜೂರ. ದಿನಾ ಬಳಸುವ ಜೋಡಿಪದದಲ್ಲಿ ಒಂದನ್ನು ಬಾಯಿ ನುಂಗಿಹಾಕುತ್ತದೆ. ಮೊಬೈಲ್ ಫೋನು ಬರೀ ‘ಮೊಬೈಲು’ ಆಗಲಿಲ್ಲವೇ? ಅಲ್ಲೂ ಹಾಗೇ ‘ಯೆಕುರ್’ ಉದುರಿತು, ‘ಫಿಕಾತುಮ್’ ಉಳಿಯಿತು. ಆಮೇಲೆ ಅಂಜೂರವನ್ನು ಕಣ್ಣಲ್ಲೂ ನೋಡದ ದನದ ಯಕೃತ್ತೂ ಫಿಕಾತುಮ್, ಕೊನೆಗೆ ಮನುಷ್ಯನದೂ ಫಿಕಾತುಮ್. ಗ್ರೀಕಿನಲ್ಲೂ ಇದೇ ಕಥೆ. ಇವತ್ತು ಗ್ರೀಕರ ಆಡುಮಾತಿನಲ್ಲಿ ಯಕೃತ್ತು ‘ಸಿಕೋಟಿ’.

‘ಯೆಕುರ್’ ಸೋತದ್ದಕ್ಕೆ ಇನ್ನೊಂದು ಕಾರಣವೂ ಇರಬೇಕು ಎಂದು ನನ್ನ ಎಣಿಕೆ. ಅದರ ವಿಭಕ್ತಿ ರೂಪಗಳು ಭಾರೀ ತಕರಾರಿನವು. ‘ಯಕೃತ್ತಿನ’ ಎನ್ನಲು ಒಬ್ಬ ‘ಯೆಕೊರಿಸ್’ ಅಂದರೆ ಇನ್ನೊಬ್ಬ ‘ಯೆಕಿನೊರಿಸ್’ ಅನ್ನುತ್ತಿದ್ದ. ಮಾಂಸದಂಗಡಿಯಲ್ಲಿ ನಿಂತವನಿಗೆ ಈ ರಗಳೆ ಯಾಕೆ ಬೇಕು?

ಅಲ್ಲಿಂದ ಪದ ಹರಡಿದ ದಾರಿ ನೋಡಿ. ಇಟಾಲಿಯನ್ ‘ಫೇಗತೊ’, ವೆನಿಸ್ಸಿನ ಮಾತಿನಲ್ಲಿ ‘ಫಿಗಾ’, ಪೋರ್ಚುಗೀಸ್ ‘ಫೀಗದು’. ಕ್ಯಾಟಲನ್ನಿನಲ್ಲಿ ಕ ಮತ್ತು ತ ಅದಲುಬದಲಾಗಿ, ಸವೆದು ‘ಫೆಜ್ಜ’. ಫ್ರೆಂಚಿನಲ್ಲಂತೂ ಸವೆದು ಸವೆದು ಒಂದೇ ಉಸಿರಿನ ‘ಫ್ವಾ’ ಆಗಿದೆ. ಹೆಸರಾಂತ ‘ಫ್ವಾ ಗ್ರಾ’ ಅಂದರೆ ಕೊಬ್ಬಿದ ಯಕೃತ್ತು. ಅದಕ್ಕಾಗಿ ಈಗ ಹಕ್ಕಿಯ ಗಂಟಲಿಗೆ ಇಳಿಸುವುದು ಮೆಕ್ಕೆಜೋಳ. ಅಂಜೂರ ಇರುವುದು ಹೆಸರಿನಲ್ಲಿ ಮಾತ್ರ.

ಸ್ಪ್ಯಾನಿಷ್ ರೂಪ ಕನ್ನಡದವರಿಗೆ ತೀರಾ ಹತ್ತಿರದ್ದು. ಅಲ್ಲಿ ಪದದ ಮೊದಲಿನ ಫಕಾರ ಹಕಾರವಾಯಿತು, ಆಮೇಲೆ ಆ ಹಕಾರವೂ ಬಾಯಿಂದ ಜಾರಿ ಬರಹದಲ್ಲಷ್ಟೇ ಉಳಿಯಿತು. ಹಿಟ್ಟಿನ ‘ಫರೀನ’ ಹೀಗೆ ‘ಅರೀನ’ ಆಯಿತು, ಅಂಜೂರ ‘ಈಗೊ’ ಆಯಿತು, ಯಕೃತ್ತು ‘ಈಗದೊ’. ನಮ್ಮ ಪಾಲ್ ಹಾಲಾಗಿ, ಪುಲಿ ಹುಲಿಯಾಗಲಿಲ್ಲವೇ? ‘ಆಲು’, ‘ಉಲಿ’ ಅನ್ನುವವರನ್ನು ಕಂಡು ನಗುವವರು ಸ್ಪ್ಯಾನಿಷರನ್ನೂ ನೆನೆದು ನಗಬೇಕಾದೀತು.

ರೊಮೇನಿಯನ್ನಿನ ವಿಷಯದಲ್ಲಿ ನನ್ನದೇ ಒಂದು ಫಜೀತಿ ಇದೆ. ಬುಖಾರೆಸ್ಟಿನ ಸಂತೆಯೊಂದರಲ್ಲಿ ಹಣ್ಣಿನ ಅಂಗಡಿ ಮುಂದೆ ನಿಂತಿದ್ದೆ. ಲ್ಯಾಟಿನ್ ಬಲ್ಲೆ ಎಂಬ ಜಂಬ. ಇದೂ ಲ್ಯಾಟಿನ್ನಿನ ಕೂಸೇ ತಾನೆ ಎಂದುಕೊಂಡು, ಅಂಜೂರ ಬೇಕಾಗಿ ‘ಫಿಕಾತ್’ ಕೇಳಿದೆ. ಅಂಗಡಿಯಾಕೆ ನನ್ನನ್ನೇ ನೋಡಿದಳು, ನನ್ನ ಕೈಯ ಹಣ್ಣಿನ ಚೀಲ ನೋಡಿದಳು, ಆಮೇಲೆ ಎದುರು ಸಾಲಿನ ಕಟುಕನ ಕಡೆ ಬೆರಳು ಮಾಡಿದಳು. ನಾನು ಪಕ್ಕಾ ಸಸ್ಯಾಹಾರಿ! ಆದದ್ದಿಷ್ಟೇ: ಟ್ರಾಜನ್ ಚಕ್ರವರ್ತಿ 106ರಲ್ಲಿ ಗೆದ್ದುಕೊಂಡ ಡೇಸಿಯ ಇವತ್ತಿನ ರೊಮೇನಿಯ. ಅಲ್ಲಿನ ಭಾಷೆ ಯಕೃತ್ತಿಗೆ ಲ್ಯಾಟಿನ್ನನ್ನೇ ಉಳಿಸಿಕೊಂಡಿತು, ಅಂಜೂರಕ್ಕೆ ಮಾತ್ರ ಸ್ಲಾವ್ ಕಡೆಯಿಂದ ‘ಸ್ಮೊಕಿನ’ ತಂದುಕೊಂಡಿತು. ಹಣ್ಣಿನ ಹೆಸರು ಹಣ್ಣನ್ನು ಬಿಟ್ಟು ಹೋಗಿ ಯಕೃತ್ತಿನಲ್ಲಿ ಅಡಗಿ ಕೂತಿದೆ.

ಪ್ರಶ್ನೆ: ನಾವು ಬಳಸುವ ‘ಯಕೃತ್ತು’ ಮತ್ತು ಲ್ಯಾಟಿನ್ ‘ಯೆಕುರ್’ ಕೇಳಲು ಒಂದೇ ಥರ. ಕಾಕತಾಳೀಯವೇ?

ಉತ್ತರ: ಅಲ್ಲ, ಒಡಹುಟ್ಟಿದವು. ಸಂಸ್ಕೃತದ ಯಕೃತ್, ಲ್ಯಾಟಿನ್ನಿನ ಯೆಕುರ್, ಗ್ರೀಕಿನ ಹೇಪಾರ್ ಮೂರೂ ಒಂದೇ ಬೇರಿನವು. ಗುರುತು ಬೇಕಾದರೆ ಆ ತಕರಾರಿನ ವಿಭಕ್ತಿಯನ್ನೇ ಹಿಡಿಯಿರಿ. ಪ್ರಥಮಾ ವಿಭಕ್ತಿಯಲ್ಲಿ ರಕಾರದ ಸದ್ದು, ಷಷ್ಠಿಯಲ್ಲಿ ನಕಾರ: ಸಂಸ್ಕೃತದಲ್ಲಿ ಯಕೃತ್ ಮತ್ತು ಯಕ್ನಃ, ಲ್ಯಾಟಿನ್‌ನಲ್ಲಿ ಯೆಕುರ್ ಮತ್ತು ಯೆಕಿನೊರಿಸ್. ಇಂಥ ವಿಚಿತ್ರ ಚಾಳಿ ಎರಡು ಕಡೆ ಆಕಸ್ಮಿಕವಾಗಿ ಹುಟ್ಟುವುದಿಲ್ಲ.

ಪಾರ್ಸಿಯ ‘ಜಿಗರ್’ ಕೂಡ ಇದೇ ಮನೆಯದು. ಹಾಗಾಗಿ ನಿಮ್ಮ ‘ಜಿಗರಿ ದೋಸ್ತ್’ ಒಂದು ಲೆಕ್ಕದಲ್ಲಿ ಯಕೃತ್ತಿನ ಗೆಳೆಯ. ಹೆಪಟೈಟಿಸ್ ಗ್ರೀಕ್ ಶಾಖೆಯಿಂದ ಬಂತು. ಇಂಗ್ಲಿಷಿನ ಲಿವರ್, ಜರ್ಮನ್ನಿನ ‘ಲೇಬರ್’ ಜರ್ಮಾನಿಕ್ ಗುಂಪಿನ ಸ್ವಂತ ಪದಗಳು, ಅಂಜೂರದ ಗಾಳಿ ಅವಕ್ಕೆ ಸೋಕಿಲ್ಲ.

ಪ್ರಶ್ನೆ: ಇಟಾಲಿಯನ್ನರು ಧೈರ್ಯವಂತನಿಗೆ ‘ಫೇಗತೊ ಇದೆ’ ಅನ್ನುತ್ತಾರಂತೆ. ಫ್ರೆಂಚರೂ ಹಾಗೆ ಅನ್ನಬಹುದೇ?

ಉತ್ತರ: ದಯವಿಟ್ಟು ಬೇಡ. ನಾವು ‘ಎಷ್ಟು ಗುಂಡಿಗೆ ನಿನಗೆ!’ ಎನ್ನುವ ಕಡೆ ಇಟಲಿಯವರು ‘ಕೆ ಫೇಗತೊ!’ ಅನ್ನುತ್ತಾರೆ, ಸರಿ. ಅದೇ ಪದದ ಬಹುವಚನವನ್ನು ಹಿಡಿದು ಫ್ರೆಂಚಿನಲ್ಲಿ ಯಾರಿಗಾದರೂ ‘ಫ್ವಾ ಇವೆ’ ಅಂದಿರೋ, ಪುಕ್ಕಲ ಎಂದು ಬೈದ ಹಾಗಾಗುತ್ತದೆ.