ಪ್ರವಾಸದ ನಡುವೆಯೇ ಹೊಸ ಮೋಟರ್‌ಹೋಮ್ ಕೊಳ್ಳುವಾಗ ಮಾರಾಟಗಾರರೊಂದಿಗೆ ಹೇಗೆ ವ್ಯವಹರಿಸಬೇಕು?

ಹಳೆಯ ಮೋಟರ್‌ಹೋಮಿನಲ್ಲಿ, ಅಂದರೆ ಒಳಗೇ ವಾಸಿಸಬಹುದಾದ ಮನೆಯಂಥ ಗಾಡಿಯಲ್ಲಿ, ಸುತ್ತುತ್ತಲೇ ಅದನ್ನು ಕೊಟ್ಟು ಹೊಸದನ್ನು ಕೊಳ್ಳಬೇಕೆಂದಿದ್ದೀರಿ. ತಾವು ದಾರಿಯಲ್ಲಿ ಹೋಗುತ್ತಿರುವವರೆಂಬ ಸಂಗತಿಯನ್ನು ಸೇಲ್ಸ್‌ಮನ್‌ನಿಂದ ಮುಚ್ಚಿಟ್ಟರೆ ಬೆಲೆ ಇಳಿಯಬಹುದೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಪತ್ನಿಯೂ ಡೀಲರುಗಳ ಅಂಗಳದ ಹೊರಗೆ ಗಾಡಿ ನಿಲ್ಲಿಸಿಕೊಂಡು ಇದನ್ನೇ ಚರ್ಚಿಸುತ್ತಿದ್ದೆವು. ಮುಚ್ಚಿಡಲು ಸಾಧ್ಯವಿಲ್ಲ. ನೀವು ಬಂದಿಳಿದ ಗಾಡಿಯ ನೋಂದಣಿ ಫಲಕ, ಕಿಟಕಿಯಲ್ಲಿ ಕಾಣುವ ಹಾಸಿಗೆ, ಹಿಂಬದಿಗೆ ಕಟ್ಟಿದ ಸೈಕಲ್ಲುಗಳು ನೀವು ಬಾಯಿ ತೆರೆಯುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಬೆಲೆ ಎಷ್ಟು ಇಳಿಯುತ್ತದೆ ಎಂಬುದರ ಮೇಲೆಯೇ ನಿಮ್ಮ ಗಮನ ನೆಟ್ಟಿದೆ. ನಮ್ಮದೂ ಹಾಗೆಯೇ ಇತ್ತು. ಬೆಲೆಯ ವಿಷಯದಲ್ಲಿ ನಾವು ಮೋಸಹೋಗಲಿಲ್ಲ. ನಮ್ಮ ಹಣ ಹೋದದ್ದು ಬೇರೊಂದು ದಾರಿಯಲ್ಲಿ.

ನಮ್ಮ ಹಳೆಯ ಗಾಡಿಯ ಗೇರ್‌ಬಾಕ್ಸ್ ತೊಂದರೆ ಕೊಡಲು ಆರಂಭಿಸಿದ ಮೇಲೆ ದಾರಿಯಲ್ಲಿ ಸಿಕ್ಕ ಅಂಗಳಗಳನ್ನೆಲ್ಲ ನೋಡುತ್ತ ಹೋದೆವು. ಕೊನೆಗೆ ಒಂದು ಕಡೆ ನಮಗೆ ಬೇಕಾದ ವಿನ್ಯಾಸವೇ ಸಿಕ್ಕಿತು: ಹಿಂಬದಿಯಲ್ಲಿ ಕಾಯಂ ಹಾಸಿಗೆ, ಅದರ ಕೆಳಗೆ ಸಾಮಾನಿಡಲು ದೊಡ್ಡ ಜಾಗ, ಬೇರೆಬೇರೆಯಾದ ಶೌಚಾಲಯ ಮತ್ತು ಸ್ನಾನದ ಕೋಣೆ. ಸೇಲ್ಸ್‌ಮನ್ ಸಂಭಾವಿತ ಮನುಷ್ಯ. ಅವಸರಪಡಿಸಲಿಲ್ಲ, ಕೇಳಿದ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸಿದರು. ಎರಡು ಮೂರು ಸುತ್ತಿನ ಚೌಕಾಸಿಯ ನಂತರ ಅವರು ಹೊಸ ಗಾಡಿಯ ಬೆಲೆಯನ್ನೂ ಇಳಿಸಿದರು, ನಮ್ಮ ಹಳೆಯ ಗಾಡಿಗೆ ನಾವು ನಿರೀಕ್ಷಿಸಿದ್ದಕ್ಕಿಂತ ಹೆಚ್ಚನ್ನೂ ಕಟ್ಟಿದರು. ನಾವು ಗೆದ್ದೆವೆಂದೇ ಭಾವಿಸಿದೆವು.

ಡೆಲಿವರಿಯ ದಿನ ನಾವು ಮಾಡಿದ ತಪ್ಪನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಮಾಡುವಾಗ ಅದು ತಪ್ಪೆಂದು ಯಾರಿಗೂ ತೋರುವುದಿಲ್ಲ. ಎರಡೂ ಗಾಡಿಗಳನ್ನು ಬಾಗಿಲಿಗೆ ಬಾಗಿಲು ಬರುವಂತೆ ಅಕ್ಕಪಕ್ಕ ನಿಲ್ಲಿಸಿಕೊಟ್ಟರು. ಪಾತ್ರೆ, ಬಟ್ಟೆ, ಹಾಸಿಗೆ, ಔಷಧಿಗಳ ಪೆಟ್ಟಿಗೆ ಎಲ್ಲವನ್ನೂ ಬೆಳಿಗ್ಗೆಯಿಂದಲೇ ಹಳೆಯದರಿಂದ ಹೊಸದಕ್ಕೆ ಸಾಗಿಸಿದೆವು. ಹಳೆಯದು ಖಾಲಿಯಾದಾಗ ಅದರ ಕೀಲಿಯನ್ನು ಕೊಟ್ಟೆವು, ಹುಡುಗನೊಬ್ಬ ಬಂದು ಅದನ್ನು ತೊಳೆಯಲು ಒಯ್ದ. ಆಮೇಲೆ, ಸಂಜೆಯ ಹೊತ್ತಿಗೆ, ಹೊಸ ಗಾಡಿಯನ್ನು ನಮಗೆ ತೋರಿಸಿ ವಿವರಿಸುವ ಕಾರ್ಯಕ್ರಮ ಶುರುವಾಯಿತು. ನೀರಿನ ಟ್ಯಾಂಕ್ ಖಾಲಿ ಇತ್ತು, ಆದ್ದರಿಂದ ನಲ್ಲಿಗಳನ್ನು ತೆರೆದು ತೋರಿಸಲಿಲ್ಲ. ಗ್ಯಾಸ್ ಸಿಲಿಂಡರ್ ಇನ್ನೂ ಬಂದಿರಲಿಲ್ಲ, ಆದ್ದರಿಂದ ಫ್ರಿಜ್ಜನ್ನು ಮುಖ್ಯ ವಿದ್ಯುತ್ತಿನ (ಹೊರಗಿನಿಂದ ತಂತಿಯಲ್ಲಿ ಬರುವ ವಿದ್ಯುತ್ತಿನ) ಮೇಲೆ ಮಾತ್ರ ಹಾಕಿ ದೀಪ ಹೊತ್ತಿಕೊಂಡದ್ದನ್ನು ತೋರಿಸಿದರು. ಕಿತ್ತುಬಂದಿದ್ದ ಒಂದು ಕಪಾಟಿನ ಕೀಲು, ಸರಿಯಾಗಿ ಮುಚ್ಚದ ಒಂದು ಕಿಟಕಿ ಇವುಗಳನ್ನು ಕಾಗದದಲ್ಲಿ ಬರೆದುಕೊಂಡು, ಮುಂದೆ ನೀವು ಎಲ್ಲಿಗೆ ಹೋದರೂ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ವಾರಂಟಿಯ ಮೇಲೆ ಸರಿಪಡಿಸಿಕೊಡುತ್ತಾರೆಂದು ಹೇಳಿದರು. ನಾವು ಸಹಿ ಹಾಕಿದೆವು.

ಇಲ್ಲಿ ಕ್ರಮವನ್ನು ಗಮನಿಸಿ. ಪರೀಕ್ಷೆ ಕೊನೆಗೆ ಬಂತು, ಮನೆ ಬಿಟ್ಟುಕೊಟ್ಟದ್ದು ಮೊದಲಾಯಿತು. ಆ ಸಂಜೆ ಏನೇ ದೋಷ ಕಂಡಿದ್ದರೂ, ಇದು ಬೇಡ ಎಂದು ಹೇಳಿ ಎದ್ದುಬರಲು ನಮಗೆ ರಾತ್ರಿ ಮಲಗುವ ಜಾಗವೇ ಇರಲಿಲ್ಲ. ಸ್ವಂತ ಊರಿನಲ್ಲಿ ಕೊಳ್ಳುವವನು ಒಪ್ಪಿಗೆಯಾಗದಿದ್ದರೆ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾನೆ. ಪ್ರವಾಸದಲ್ಲಿರುವವನಿಗೆ ಹಳೆಯ ಗಾಡಿಯ ಕೀಲಿಯೇ ಆ ಸ್ವಾತಂತ್ರ್ಯ. ಹೆಚ್ಚು ಬೆಲೆಗೆ ಮಾರಿದೆವೆಂದು ಸಂತೋಷಪಟ್ಟ ವಸ್ತುವಿನ ಜೊತೆಗೆ, ಬೇಡವೆನ್ನುವ ಶಕ್ತಿಯನ್ನೂ ನಾವು ಮಾರಿಬಿಟ್ಟಿದ್ದೆವು. ಸಹಿಯಾದ ಮೇಲೆ ಮನಸ್ಸು ಬದಲಿಸಬಹುದೆಂಬ ಭರವಸೆಯನ್ನೂ ಇಟ್ಟುಕೊಳ್ಳಬೇಡಿ. ಅಮೆರಿಕದಲ್ಲಿ ಮನೆಬಾಗಿಲಿಗೆ ಬಂದು ಮಾರಿದ ವಸ್ತುಗಳ ಖರೀದಿಯನ್ನು 3 ಕೆಲಸದ ದಿನಗಳೊಳಗೆ ರದ್ದುಪಡಿಸಲು ಅವಕಾಶ ಕೊಡುವ ನಿಯಮವೊಂದಿದೆ. ಡೀಲರನ ಕಾಯಂ ಅಂಗಳಕ್ಕೆ ಹೋಗಿ ಕೊಂಡ ವಾಹನಕ್ಕೆ ಅದು ಅನ್ವಯಿಸುವುದಿಲ್ಲ, ಆದರೂ ಅನೇಕರು ಅನ್ವಯಿಸುತ್ತದೆಂದೇ ನಂಬಿರುತ್ತಾರೆ.

ಮರುದಿನ ಶಿಬಿರತಾಣದಲ್ಲಿ ಟ್ಯಾಂಕ್ ತುಂಬಿಸಿದೆವು. ರಾತ್ರಿ ಎಲ್ಲ ನಲ್ಲಿಗಳೂ ಮುಚ್ಚಿದ್ದಾಗ ನೀರಿನ ಪಂಪ್ ತಾನಾಗಿಯೇ ಒಂದು ಕ್ಷಣ ಓಡಿ ನಿಂತಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಓಡಿತು. ಕೊಳವೆಗಳಲ್ಲಿ ಒತ್ತಡ ಇಳಿದಾಗ ಮಾತ್ರ ಈ ಪಂಪ್ ಓಡುತ್ತದೆ. ಯಾರೂ ನೀರು ಬಳಸದೆಯೂ ಅದು ಓಡಿದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಪಂಪಿನೊಳಗಿನ ಕವಾಟ ಸರಿಯಾಗಿ ಮುಚ್ಚದೆ ನೀರು ಟ್ಯಾಂಕಿಗೇ ಹಿಂದಿರುಗುತ್ತಿರುವ ಸಾಧ್ಯತೆಯೂ ಇದೆ. ನಮ್ಮಲ್ಲಿ ಸ್ನಾನದ ಕೋಣೆಯ ಗೋಡೆಯ ಹಿಂದಿನ ಜೋಡಣೆಯೊಂದು ಸೋರುತ್ತಿತ್ತು. ಟ್ಯಾಂಕ್ ತುಂಬಿಸಿ, ಪಂಪ್ ಹಾಕಿ, ನಲ್ಲಿಗಳನ್ನು ಮುಚ್ಚಿ, ಅರ್ಧ ಗಂಟೆ ಮಾತಾಡದೆ ಕುಳಿತಿದ್ದರೆ ಡೀಲರನ ಅಂಗಳದಲ್ಲಿಯೇ ಇದು ತಿಳಿಯುತ್ತಿತ್ತು.

ಮುಂದಿನದು ಪ್ರವಾಸಿಗರಿಗೆ ಮಾತ್ರ ಒದಗುವ ಸಂಕಟ. ಡೀಲರಿಗೆ ಫೋನ್ ಮಾಡಿದರೆ ಸರ್ವೀಸ್ ವಿಭಾಗದಲ್ಲಿ ಹಲವು ವಾರಗಳ ನಂತರದ ದಿನಾಂಕ ಕೊಟ್ಟರು. ದಾರಿಯಲ್ಲಿದ್ದ ಬೇರೆ ಅಧಿಕೃತ ಕೇಂದ್ರಗಳು ತಮ್ಮಲ್ಲಿ ಕೊಂಡವರ ಗಾಡಿಗಳನ್ನು ಮೊದಲು ನೋಡಿ, ನಮ್ಮಂಥವರನ್ನು ಸರದಿಯ ಕೊನೆಗೆ ಹಾಕಿದವು. ಮೋಟರ್‌ಹೋಮ್ ಎಂಬುದು ಒಬ್ಬರೇ ತಯಾರಿಸಿದ ವಸ್ತುವಲ್ಲ ಎಂಬುದನ್ನೂ ಆಗಲೇ ನಾವು ಸರಿಯಾಗಿ ಅರ್ಥಮಾಡಿಕೊಂಡದ್ದು. ಕೆಳಗಿನ ಎಂಜಿನ್ ಮತ್ತು ಚಾಸಿ (ಚಕ್ರಗಳ ಮೇಲಿನ ಅಡಿಚೌಕಟ್ಟು) ಫಿಯೆಟ್ ಡುಕಾಟೊ, ಮರ್ಸಿಡಿಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್ ಇಂಥ ವಾಹನಗಳದ್ದಾಗಿರುತ್ತದೆ. ಅದರ ಮೇಲೆ ಮನೆಯನ್ನು ಕಟ್ಟುವವರು ಬೇರೆ. ಫ್ರಿಜ್, ಹೀಟರ್, ಶೌಚಾಲಯ ಮಾಡಿದವರು ಮತ್ತೂ ಬೇರೆ. ವಾರಂಟಿಯೂ ಹೀಗೆಯೇ ಹರಿದು ಹಂಚಿಹೋಗಿರುತ್ತದೆ. ಯಾವ ದೋಷ ಯಾರ ಲೆಕ್ಕಕ್ಕೆ ಎಂದು ತೀರ್ಮಾನವಾಗಿ, ಫೋಟೋಗಳನ್ನು ಕಳುಹಿಸಿ, ಮನೆಭಾಗ ಕಟ್ಟಿದವರ ಒಪ್ಪಿಗೆ ಬಂದು, ಬಿಡಿಭಾಗ ಬರುವವರೆಗೆ ನಾವು ಅದೇ ಗಾಡಿಯಲ್ಲಿ ವಾಸಿಸಬೇಕಾಗಿತ್ತು. ಬೇಕಾದಾಗ ಮಾತ್ರ ಪಂಪ್ ಹಾಕಿ, ನೀರು ಬಳಸಿ, ತಕ್ಷಣ ಆರಿಸುತ್ತಿದ್ದೆವು. ಆದರೂ ನೆಲದ ಪ್ಲೈವುಡ್ ಒದ್ದೆಯಾಗಿ ಉಬ್ಬಿ ಮೆತ್ತಗಾಯಿತು. ಕೊನೆಗೆ ಜೋಡಣೆಯನ್ನು ವಾರಂಟಿಯ ಮೇಲೆ ಬದಲಿಸಿದರು. ನೆಲ ಹಾಳಾದದ್ದು ಸೋರಿಕೆ ಗೊತ್ತಿದ್ದೂ ಬಳಸಿದ್ದರಿಂದ ಎಂದು ಹೇಳಿ ಅದರ ಖರ್ಚನ್ನು ನಮ್ಮ ಮೇಲೆ ಹಾಕಿದರು. ಚೌಕಾಸಿಯಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಹಣ ಆ ನೆಲಕ್ಕೆ ಹೋಯಿತು, ಆ ವರ್ಷದ ಒಳ್ಳೆಯ ಹವೆಯ ತಿಂಗಳುಗಳೂ ವರ್ಕ್‌ಶಾಪುಗಳ ಮುಂದೆ ಕಳೆದುಹೋದವು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನು ನಾನು ಹಾಗೆಯೇ ಒಪ್ಪುವುದಿಲ್ಲ. ಸೇಲ್ಸ್‌ಮನ್ ನಿಮ್ಮ ಶತ್ರುವಲ್ಲ, ಅವರನ್ನು ಮಾತಿನಲ್ಲಿ ಸೋಲಿಸುವ ಉಪಾಯಗಳಿಂದ ನಿಮಗೆ ಹೆಚ್ಚಿನ ಪ್ರಯೋಜನವೂ ಇಲ್ಲ. ಅವರ ಸಂಪಾದನೆಯ ದೊಡ್ಡ ಭಾಗ ಕಮಿಷನ್. ನಿಮ್ಮ ಸಹಿಯಾದ ಕೂಡಲೇ ಅವರ ಕೆಲಸ ಮುಗಿದು, ನೀವು ಸರ್ವೀಸ್ ವಿಭಾಗದ ಪಾಲಾಗುತ್ತೀರಿ. ನಮ್ಮ ಸೇಲ್ಸ್‌ಮನ್ ಹೇಳಿದ ಯಾವ ಮಾತೂ ಸುಳ್ಳಾಗಿರಲಿಲ್ಲ. ಅಧಿಕೃತ ಕೇಂದ್ರಗಳು ಎಲ್ಲೆಡೆ ಇರುವುದು ನಿಜ, ಅವು ವಾರಂಟಿಯ ಕೆಲಸ ಮಾಡುವುದೂ ನಿಜ. ಯಾವಾಗ ಮಾಡುತ್ತವೆ ಎಂಬುದನ್ನು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬೆಲೆಯ ಬಗ್ಗೆ ನನ್ನ ಸಲಹೆ ಇಷ್ಟೇ: ಹಳೆಯ ಗಾಡಿಯ ಮೌಲ್ಯ, ಹೊಸದರ ರಿಯಾಯಿತಿ, ತಿಂಗಳ ಕಂತು ಈ ಮೂರನ್ನು ಒಟ್ಟಿಗೆ ಚರ್ಚಿಸಲು ಬಿಡಬೇಡಿ. ಒಂದನ್ನು ಎತ್ತಿ ಇನ್ನೊಂದನ್ನು ಇಳಿಸಿದರೆ ಒಟ್ಟು ಮೊತ್ತ ಅಷ್ಟೇ ಇರುತ್ತದೆ, ಕೊಳ್ಳುವವನಿಗೆ ಮಾತ್ರ ಲಾಭವಾದಂತೆ ಕಾಣುತ್ತದೆ. ತೆರಿಗೆ, ನೋಂದಣಿ ಮತ್ತು ಡೀಲರ್ ಶುಲ್ಕಗಳನ್ನೆಲ್ಲ ಸೇರಿಸಿದ ಒಂದೇ ಅಂಕಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಸಾಲದ ಕಾಗದಗಳ ಕೋಣೆಯಲ್ಲಿ ಕೊನೆಗೆ ಮುಂದಿಡುವ ವಿಸ್ತರಿತ ವಾರಂಟಿಯನ್ನು ಆ ದಿನ ಕೊಳ್ಳಲೇಬೇಡಿ.

ನಿಮ್ಮ ಹಳೆಯ ಗಾಡಿಯನ್ನು ಡೀಲರಿಗೆ ಎಕ್ಸ್‌ಚೇಂಜ್ ಕೊಡದೆ, ಹೊಸದು ನೆಟ್ಟಗಿದೆಯೆಂದು ಖಚಿತವಾದ ಮೇಲೆ ಬೇರೆಯಾಗಿ ಮಾರುವುದೇ ಉತ್ತಮ. ಅಷ್ಟು ಹಣ ಕೈಯಲ್ಲಿಲ್ಲದಿದ್ದರೆ ಎಕ್ಸ್‌ಚೇಂಜ್‌ಗೆ ಒಪ್ಪಿ, ಆದರೆ ಒಂದು ಷರತ್ತನ್ನು ಒಪ್ಪಂದದಲ್ಲಿಯೇ ಬರೆಸಿ: ಹೊಸ ಗಾಡಿಯಲ್ಲಿ ಒಂದು ರಾತ್ರಿ ಅಂಗಳದಲ್ಲಿಯೇ ಮಲಗಿ ಎಲ್ಲವನ್ನೂ ಬಳಸಿ ನೋಡಿದ ನಂತರವೇ ಉಳಿದ ಹಣ, ಕೊನೆಯ ಸಹಿ ಮತ್ತು ಹಳೆಯ ಕೀಲಿ. ಒಂದು ರಾತ್ರಿಗೆ ವಿದ್ಯುತ್ತನ್ನೂ ನೀರನ್ನೂ ಕೊಡುವುದು ಡೀಲರಿಗೆ ಕಷ್ಟದ ಕೆಲಸವಲ್ಲ. ಒಪ್ಪದವರಲ್ಲಿ ಕೊಳ್ಳಬೇಡಿ, ಬೆಲೆ ಎಷ್ಟೇ ಆಕರ್ಷಕವಾಗಿರಲಿ.

ಆ ರಾತ್ರಿ ನೋಡಬೇಕಾದದ್ದು ಬಹಳ ಇದೆ. ಗ್ಯಾಸ್, ಬ್ಯಾಟರಿ, ಮುಖ್ಯ ವಿದ್ಯುತ್ತು ಈ ಮೂರರಿಂದಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ ತಣ್ಣಗಾಗಲು ಹಲವು ಗಂಟೆ ಬೇಕಾಗುವುದರಿಂದ ಹಿಂದಿನ ದಿನವೇ ಹಾಕಿಡಲು ಹೇಳಿ, ಬಳಿಕ ಗ್ಯಾಸಿನ ಮೇಲೂ ಓಡಿಸಿ. ಬಿಸಿನೀರು ಬರಲಿ, ಹೀಟರ್ ರಾತ್ರಿಯಿಡೀ ಓಡಲಿ. ಕಿಟಕಿ, ಚಾವಣಿಯ ತೆರಪು ಮತ್ತು ಮೂಲೆಗಳ ಸುತ್ತ ಗೋಡೆಯನ್ನು ಬೆರಳಿನಿಂದ ಒತ್ತಿ ನೋಡಿ. ಹೊರಮೈಯ ಫೈಬರ್‌ಗ್ಲಾಸ್‌ನಲ್ಲಿ ಉಬ್ಬುಗಳಿದ್ದರೆ ಒಳಗೆ ನೀರು ಹೊಕ್ಕಿರುವ ಸಾಧ್ಯತೆ ಇದೆ. ಬಳಸಿದ ಗಾಡಿಯಾದರೆ ತೇವಾಂಶ ಮಾಪಕವನ್ನು ಜೊತೆಗೆ ಒಯ್ಯಿರಿ. ಟೈರಿನ ಪಕ್ಕದಲ್ಲಿ ಡಿಒಟಿ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಮೋಟರ್‌ಹೋಮ್‌ಗಳು ಓಡುವುದಕ್ಕಿಂತ ನಿಂತಿರುವುದೇ ಹೆಚ್ಚಾದ್ದರಿಂದ ಟೈರುಗಳು ಸವೆಯುವ ಮೊದಲೇ ಮುದಿಯಾಗುತ್ತವೆ.

ತೂಕದ ಬಗ್ಗೆ ಸೇಲ್ಸ್‌ಮನ್ ತಾವಾಗಿ ಮಾತೆತ್ತುವುದು ಅಪರೂಪ, ಆದ್ದರಿಂದ ನೀವೇ ಎತ್ತಬೇಕು. ಯುರೋಪಿನಲ್ಲಿ ಸಾಮಾನ್ಯ ಕಾರಿನ ಪರವಾನಗಿಗೆ ಬಹುಕಾಲದಿಂದ 3,500 ಕಿಲೋಗ್ರಾಂ ಮಿತಿ ಇರುವುದರಿಂದ ಅಲ್ಲಿನ ಬಹಳಷ್ಟು ಗಾಡಿಗಳನ್ನು ಆ ಮಿತಿಗೆ ಹೊಂದುವಂತೆ ಕಟ್ಟಲಾಗಿದೆ. ಅಂಥ ಗಾಡಿಯ ಖಾಲಿ ತೂಕ 3,100 ಕಿಲೋ ಇದ್ದರೆ ನಿಮ್ಮ ಸಾಮಾನು, ಜನ, ನೀರು ಎಲ್ಲಕ್ಕೂ ಸೇರಿ 400 ಕಿಲೋ ಉಳಿಯುತ್ತದೆ. 100 ಲೀಟರ್ ನೀರು ತುಂಬಿದರೆ ಅದರಲ್ಲಿ 100 ಕಿಲೋ ಹೋಯಿತು. ಬೆಲೆ ಇಳಿಸುವ ಬದಲು ಉಚಿತವಾಗಿ ಹಾಕಿಕೊಡುತ್ತೇವೆನ್ನುವ ಚಾವಣಿಯ ಎಸಿ, ಪಕ್ಕದ ಚಾಚುಚಪ್ಪರ, ಹೆಚ್ಚುವರಿ ಬ್ಯಾಟರಿ ಎಲ್ಲವೂ ಉಳಿದದ್ದನ್ನೇ ತಿನ್ನುತ್ತವೆ. ನಿಮ್ಮ ಈಗಿನ ಗಾಡಿಯನ್ನು ಸಾಮಾನಿನ ಸಮೇತ ಒಮ್ಮೆ ವೇಬ್ರಿಡ್ಜ್ ಮೇಲೆ ತೂಗಿಸಿ, ಅದರ ಖಾಲಿ ತೂಕವನ್ನು ಕಳೆಯಿರಿ. ನೀವು ನಿಜವಾಗಿ ಎಷ್ಟು ಭಾರ ಹೊತ್ತು ತಿರುಗುತ್ತೀರೆಂದು ತಿಳಿಯುತ್ತದೆ. ಆ ಅಂಕಿ ಕೈಯಲ್ಲಿದ್ದರೆ ಅಂಗಳದ ಅರ್ಧದಷ್ಟು ಗಾಡಿಗಳನ್ನು ಒಳಗೆ ಹತ್ತದೆಯೇ ಬಿಡಬಹುದು.

ಹೊಸದೋ ಬಳಸಿದ್ದೋ ಎಂದೂ ಕೇಳಿದ್ದೀರಿ. ದಾರಿಯಲ್ಲಿರುವವರು ಎರಡು ಮೂರು ವರ್ಷ ಬಳಸಿದ್ದನ್ನು ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಕಾರ್ಖಾನೆಯ ತಪ್ಪುಗಳಲ್ಲಿ ಹೆಚ್ಚಿನವನ್ನು ಮೊದಲ ಮಾಲೀಕರು ತಮ್ಮ ವಾರಂಟಿಯಲ್ಲಿ ಸರಿಪಡಿಸಿಕೊಂಡಿರುತ್ತಾರೆ, ಮೊದಲ ವರ್ಷಗಳ ಬೆಲೆಕುಸಿತವನ್ನೂ ಅವರೇ ಹೊತ್ತಿರುತ್ತಾರೆ. ಸರ್ವೀಸ್ ದಾಖಲೆ, ವರ್ಷವರ್ಷದ ತೇವಾಂಶ ತಪಾಸಣೆಯ ವರದಿ ಇಲ್ಲದಿದ್ದರೆ ಮಾತ್ರ ದೂರವಿರಿ.

ನೀವು ಇಷ್ಟಪಟ್ಟ ಗಾಡಿಯನ್ನು ಶನಿವಾರದವರೆಗೆ ಕಾದಿರಿಸಲು ಮುಂಗಡ ಕೇಳುತ್ತಿದ್ದಾರೆಂದು ಬರೆದಿದ್ದೀರಿ. ನಿಜವಾಗಿಯೂ ಬೇಕಿದ್ದರೆ ಕೊಡಿ, ಆದರೆ ಅಂಗಳದಲ್ಲಿ ಮಲಗಿ ಮಾಡುವ ಪರೀಕ್ಷೆಯಲ್ಲಿ ಅಥವಾ ತೂಕದಲ್ಲಿ ಗಾಡಿ ನಮಗೆ ಒಪ್ಪಿಗೆಯಾಗದಿದ್ದರೆ ಮುಂಗಡದ ಪೂರ್ತಿ ಹಣ ವಾಪಸ್ ಎಂಬ ಸಾಲನ್ನು ರಸೀದಿಯಲ್ಲೇ ಬರೆಸಿ, ಅದರ ಕೆಳಗೆ ಮ್ಯಾನೇಜರ್ ಸಹಿ ಹಾಕಿಸಿಕೊಳ್ಳಿ. ಸೇಲ್ಸ್‌ಮನ್‌ನ ಸಹಿ ಸಾಲದು. ಬರೆದುಕೊಡಲು ಹಿಂಜರಿದರೆ ಶನಿವಾರಕ್ಕಾಗಿ ಕಾಯದೆ ಮುಂದಿನ ಊರಿಗೆ ಹೊರಡಿ.